ಇಪ್ಪತ್ಮೂರು ಓಮ್ ಮತ್ತು ಭೀಮರಾಯ ಮಾಸ್ತರ

ಭೀಮರಾಯ ಮಾಸ್ತರ ಮೊದಲು ಹೊಡೆಯುತ್ತಿದ್ದರು, ಆಮೇಲೆ ಪ್ರಶ್ನೆ ಕೇಳುತ್ತಿದ್ದರು. ಉತ್ತರ ತಪ್ಪಾದರೆ ಮತ್ತೊಂದು ಬೀಳುತ್ತಿತ್ತು. ಶಾಲೆಯಲ್ಲಿ ಒಂದು ದಿನವೂ ಕಲಿಸಿದವರಲ್ಲ, ಈ ಹೊಡೆತಕ್ಕೇ ಜನ ಅವರನ್ನು ಮಾಸ್ತರ ಎನ್ನುತ್ತಿದ್ದರು. ಶಹಾಪುರದ ಬಸ್ ನಿಲ್ದಾಣದ ಹಿಂದೆ ಅವರದು ಮೋಟರ್ ವೈಂಡಿಂಗ್ ಅಂಗಡಿ. ಪಕ್ಕದ ತಗಡಿನ ಶೆಡ್ಡಿನಲ್ಲಿ ನನ್ನ ಖಾನಾವಳಿ. ಬೈದರೂ ಬಡಿದರೂ ಸುಟ್ಟ ಮೋಟರ್ ಹೊತ್ತುಕೊಂಡು ಸುರಪುರದಿಂದಲೂ ಜನ ಅವರಲ್ಲಿಗೇ ಬರುತ್ತಿದ್ದರು. ಅವರು ಸುತ್ತಿಕೊಟ್ಟ ವೈಂಡಿಂಗ್ ಅಷ್ಟು ಸುಲಭಕ್ಕೆ ಸುಡುತ್ತಿರಲಿಲ್ಲ.

ಅವರಿಗೆ ಆಗದ ಮಾತೆಂದರೆ 'ಅಂದಾಜು'. ಒಮ್ಮೆ ದೋರನಹಳ್ಳಿಯ ರೈತನೊಬ್ಬ ಕರಕಲಾದ ಮೋಟರ್ ತಂದ. "ಎಷ್ಟು ಆಂಪಿಯರ್ ಎಳೀತಿತ್ತು?" ಎಂದು ಕೇಳಿದರು.

"ಅಂದಾಜು ಹತ್ತು ಇರಬೇಕ್ರಿ."

ಕೈಯಲ್ಲಿದ್ದ ಸುಟ್ಟ ತಾಮ್ರದ ಸುರುಳಿಯನ್ನೇ ಅವನ ಮುಖಕ್ಕೆ ಬೀಸಿದರು. ತುಟಿ ಒಡೆದು ಅಂಗಿಯ ಮೇಲೆಲ್ಲ ರಕ್ತ. "ನನ್ನ ತಮ್ಮ ಅಂದಾಜಿನ ಮ್ಯಾಲೇ ಸತ್ತಾನಲೇ! ಸಂತ್ಯಾಗ ಬದನಿಕಾಯಿಗಿ ಅಂದಾಜು ಹಚ್ಚು, ಕರೆಂಟಿಗಿ ಹಚ್ಚಬ್ಯಾಡ." ಮರುಗಳಿಗೆ ತಾವೇ ಅವನ ತುಟಿ ಒರೆಸಿ, ನನ್ನಲ್ಲಿಂದ ಚಹಾ ತರಿಸಿ ಕುಡಿಸಿದರು.

ನನಗೂ ಲೆಕ್ಕ ಕಲಿಸಿದ್ದು ಅವರೇ, ಬೆನ್ನಿನ ಮೇಲೆ. ಸಾರು ಬಿಸಿ ಇಡಲು ನಾನು ಕಾಯಿಲ್ ಒಲೆ ತಂದ ದಿನ ಅದಕ್ಕೆ ಮೀಟರ್ ಹಿಡಿದರು. ಇನ್ನೂರ ಮೂವತ್ತು ವೋಲ್ಟ್, ಹತ್ತು ಆಂಪಿಯರ್. "ವೋಲ್ಟಿಗಿ ಆಂಪಿಯರ್‌ಲಿಂದ ಭಾಗಿಸು. ಎಷ್ಟು ಬಂತು? ಇಪ್ಪತ್ಮೂರು ಓಮ್. ಅದು ಕಾಯಿಲಿನ ತಡಿ, ಕರೆಂಟಿಗಿ ಹಾಕಿದ ಕಡಿವಾಣ. ಈಗ ಎರಡೂ ಗುಣಿಸು. ಎರಡು ಸಾವಿರದ ಮುನ್ನೂರು ವ್ಯಾಟ್. ಅದು ಒಲಿ ತಿನ್ನೂದು." ತಪ್ಪಿದಾಗಲೆಲ್ಲ ಒಂದು ಗುದ್ದು. ಮೂರನೇ ಗುದ್ದಿಗೆ ಬಾಯಿಪಾಠವಾಯಿತು.

ಆದರೆ ಹೊಲದ ಪಂಪುಗಳಿಗೆ ಮೂರು ಫೇಸ್ ಬಿಟ್ಟ ಹೊತ್ತಿಗೆ ನಮ್ಮಲ್ಲಿ ವೋಲ್ಟೇಜು ನೂರ ಅರವತ್ತಕ್ಕೆ ಇಳಿಯುತ್ತಿತ್ತು. ಸಾರು ಕುದಿಯುತ್ತಿರಲಿಲ್ಲ, ಗಿರಾಕಿಗಳು ಎದ್ದು ಹೋಗುತ್ತಿದ್ದರು. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಾಯಿಲನ್ನು ಅರ್ಧಕ್ಕೆ ಕತ್ತರಿಸಿ ಎಳೆದು ಕೂಡಿಸಿದೆ. ಒಲೆ ಕೆಂಡದಂತೆ ಕೆಂಪಗಾಯಿತು.

ಊಟಕ್ಕೆ ಬಂದ ಮಾಸ್ತರ ಎಳೆದ ಕಾಯಿಲು ಕಂಡು ವೈರಿಗೆ ಮೀಟರ್ ಹಚ್ಚಿದರು. ಹದಿನಾಲ್ಕು ಆಂಪಿಯರ್. ಅಂಗಡಿಯಿಂದ ಸುತ್ತಿಗೆ ತಂದು ಒಲೆಯನ್ನು ಪುಡಿ ಮಾಡಿದರು. ಗಿರಾಕಿಗಳೆಲ್ಲರ ಎದುರು ನನ್ನ ಕುತ್ತಿಗೆ ಹಿಡಿದು ತಗಡಿನ ಗೋಡೆಗೆ ಅಪ್ಪಳಿಸಿದರು. ಸಿಟ್ಟಿಗೆ ನನಗೂ ಕಣ್ಣು ಕತ್ತಲೆಯಾಯಿತು. ಕೈಯಲ್ಲಿದ್ದ ಸೌಟಿನಿಂದ ಅವರ ಬಾಯಿಗೆ ಹೊಡೆದೆ. ಒಂದು ಹಲ್ಲು ಮುರಿದು ಬಿತ್ತು.

ಅವರು ರಕ್ತ ಉಗುಳಿ ಆಗಲೂ ಲೆಕ್ಕವನ್ನೇ ಕೇಳಿದರು. "ಪಂಪು ಬಂದ್ ಆಗಿ ಪೂರಾ ವೋಲ್ಟೇಜ್ ಬಂದ್ರ ಎಷ್ಟು ಆಂಪಿಯರ್ ಆಗ್ತದ? ಹೇಳಲೇ ಶರಣ್ಯಾ!"

"ನನ್ನ ಒಲಿ, ನನ್ನ ಕರೆಂಟು. ಕೇಳಾಕ ನೀವ್ಯಾರ್ರಿ?" ಎಂದೆ.

ಮರುದಿನ ಹೊಸ ಒಲೆ ತಂದೆ. ಅವರ ಮೇಲಿನ ಹಟಕ್ಕೇ ಅದರ ಕಾಯಿಲನ್ನೂ ಕತ್ತರಿಸಿದೆ. ಫ್ಯೂಸು ಹಾರುತ್ತದೆಂದು ದಪ್ಪ ತಂತಿ ಕಟ್ಟಿದೆ. ಎಂಟನೇ ದಿನ ಮಧ್ಯಾಹ್ನ ನಾನು ಸಂತೆಯಲ್ಲಿದ್ದೆ, ಹೆಂಡತಿ ಮಾದೇವಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಂದು ಪಂಪುಗಳು ಹೊತ್ತಿಗೆ ಮುಂಚೆಯೇ ನಿಂತವು, ಒಲೆ ಹೊತ್ತಿದ್ದಾಗಲೇ ವೋಲ್ಟೇಜು ಪೂರ್ತಿ ಬಂತು. ಫ್ಯೂಸು ಹಾರಲಿಲ್ಲ. ಗೋಡೆಗುಂಟ ಹೋದ ವೈರು ಉರಿಯಿತು. ಉರಿ ಎಣ್ಣೆ ಡಬ್ಬಿಗೆ ಹತ್ತಿತು, ಅಲ್ಲಿಂದ ಅವಳ ಸೆರಗಿಗೆ. ನೋಡಿದವರು ಆಮೇಲೆ ಹೇಳಿದರು: ಮಾಸ್ತರ ಓಡಿ ಬಂದು, ಉರಿಯುತ್ತಿದ್ದ ಮೇನ್ ಸ್ವಿಚ್ಚನ್ನು ಬರಿಗೈಯಲ್ಲಿ ಹಿಡಿದು ಕಿತ್ತರಂತೆ. ಕರಗಿದ ಪ್ಲಾಸ್ಟಿಕ್ ಅಂಗೈಗೆ ಅಂಟಿತ್ತಂತೆ. ಅದೇ ಕೈಯಿಂದ ಮಾದೇವಿಯ ಸೀರೆ ಹರಿದೆಸೆದು, ಕೂದಲು ಹಿಡಿದು ಹೊರಗೆ ಎಳೆದರಂತೆ. ಅವಳು ತೋಳಿನ ಮೇಲಿನ ಸುಟ್ಟ ಕಲೆಯೊಂದಿಗೆ ಉಳಿದಳು. ಮಾಸ್ತರರ ಬೆರಳುಗಳು ಒಂದಕ್ಕೊಂದು ಅಂಟಿ ಮುದುಡಿದವು. ಅಂಗಡಿ ಮುಚ್ಚಿತು.

ನಾಲ್ಕು ತಿಂಗಳು ಅವರೆದುರು ಹೋಗುವ ಧೈರ್ಯ ನನಗಾಗಲಿಲ್ಲ. ಹೋದಾಗ ಅವರು ಸುರಪುರದಲ್ಲಿ ತಂಗಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದರು, ತಂಗಿ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಆ ಕೈಗಳನ್ನು ನೋಡಿ ನಾನು ಕಾಲ ಬಳಿ ಕುಸಿದು ಅತ್ತೆ. ಹೊಡೆದು ಬಿಡಲಿ ಎಂದು ಬಯಸಿದೆ.

"ಅಳಬ್ಯಾಡ, ಲೆಕ್ಕ ಹೇಳು," ಎಂದರು. "ಅರ್ಧ ಕಾಯಿಲು, ಪೂರಾ ವೋಲ್ಟೇಜು."

"ತಡಿ ಹನ್ನೊಂದೂವರಿ ಓಮ್. ಕರೆಂಟು ಇಪ್ಪತ್ತು ಆಂಪಿಯರ್. ನಾಕು ಸಾವಿರದ ಆರನೂರು ವ್ಯಾಟ್‌ರಿ."

"ಬರೋಬ್ಬರಿ ಅದ. ಯಾವಾಗ ತಿಳೀತು?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ನೀವು ರಕ್ತ ಉಗುಳಿ ಕೇಳಿದಾಗ್ಲೇ ಗೊತ್ತಿತ್ರಿ."

ಕೈ ಏಳದ್ದಕ್ಕೆ ಕಾಲೆತ್ತಿ ನನ್ನ ಎದೆಗೆ ಒದ್ದರು. ನಾನು ಹಿಂದಕ್ಕೆ ಉರುಳಿ ಅಂಗಳಕ್ಕೆ ಬಿದ್ದೆ. ತಂಗಿ ಚೀರಿದಳು. ಮಾಸ್ತರರ ಕಣ್ಣಲ್ಲಿ ನೀರಿತ್ತು.

"ಗೊತ್ತಿಲ್ಲದವಗ ಹೊಡದ್ರ ಕಲೀತಾನ," ಎಂದರು. "ಗೊತ್ತಿದ್ದವಗ ಏನ್ ಮಾಡ್ಲಿ, ಶರಣ್ಯಾ?"

ಆ ಬೇಸಿಗೆಯಲ್ಲೇ ಮಾಸ್ತರ ತೀರಿಕೊಂಡರು. ಅವರು ಕೇಳಿದ ಪ್ರಶ್ನೆಗಳಲ್ಲಿ ನನಗೆ ಇನ್ನೂ ಉತ್ತರ ಸಿಗದಿರುವುದು ಅದೊಂದಕ್ಕೇ.