ನದಿಗಳ್ಳರಿಗೆ ಸಿಕ್ಕ ಹತ್ತು ನಿಮಿಷ

ಚೂಡಾಮಣಿಯವರು ಜಯನಗರದ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ದಕ್ಷಿಣ ಚೀನಾದ ನದಿಗಳಲ್ಲಿ ಹಡಗು ದೋಚುತ್ತಿದ್ದ ಕಳ್ಳರನ್ನು ಹತ್ತಿಕ್ಕಲು ಬ್ರಿಟಿಷ್ ನೌಕಾಪಡೆ ಏನೇನು ಮಾಡಿತು ಎಂಬುದು ಅವರ ಜೀವಮಾನದ ಅಭ್ಯಾಸ. ಅದೇಕೆ ಎಂದು ಕೇಳಿದವರನ್ನು ಕಂಡರೆ ಅವರಿಗೆ ರೇಗುತ್ತಿತ್ತು. ಹೊಯ್ಸಳರ ಬಗ್ಗೆ ಬರೆಯುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ಓದಿದವರು ಬೆರಳೆಣಿಕೆಯಷ್ಟು. ಕನ್ನಡದಲ್ಲಿ ಒಮ್ಮೆಯಾದರೂ ಬಾಯಿಬಿಟ್ಟು ಹೇಳಬೇಕೆಂದು ಅವರಿಗೆ ಅನ್ನಿಸಿದ್ದು ಗಂಟಲಲ್ಲಿ ಗಡ್ಡೆಯಿದೆ ಎಂದು ಗೊತ್ತಾದ ಮೇಲೆ. ಮುಂದಿನ ವಾರ ಶಸ್ತ್ರಚಿಕಿತ್ಸೆ. ಆಮೇಲೆ ದನಿ ಉಳಿಯುತ್ತದೆಂದು ಡಾಕ್ಟರು ಭರವಸೆ ಕೊಟ್ಟಿರಲಿಲ್ಲ.

ಪದ್ಮನಾಭನಗರದ ಹಿರಿಯ ನಾಗರಿಕರ ಸಂಘ ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೊಟ್ಟಿತು. ಕಾರ್ಯದರ್ಶಿ ಶ್ರೀಕರ್, ಚೂಡಾಮಣಿಯವರ ಹಳೆಯ ವಿದ್ಯಾರ್ಥಿ. ಆಹ್ವಾನಪತ್ರಿಕೆಯಲ್ಲಿ ಅವನು ಅಚ್ಚು ಹಾಕಿಸಿದ್ದು 'ನದಿಗಳ್ಳರ ಹುಟ್ಟಡಗಿಸಿದ ವೀರ ನೌಕೆಗಳು' ಎಂದು. ಚೂಡಾಮಣಿ ಫೋನಿನಲ್ಲಿ ಗದರಿದರು. ಇಂಥ ಹೆಸರಿಟ್ಟರೇನೇ ಜನ ಬರೋದು ಎಂದು ಅವನು ನಕ್ಕುಬಿಟ್ಟ.

ಜನ ಬಂದರು. ಪ್ರಾರ್ಥನೆ, ದೀಪ, ಸ್ವಾಗತ ಆಯಿತು. ದೇಣಿಗೆ ಕೊಟ್ಟ ಒಬ್ಬೊಬ್ಬರಿಗೂ ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೋ. ನೌಕಾಪಡೆಯ ನಿವೃತ್ತ ಎಂಜಿನಿಯರ್ ಅನಂತಪದ್ಮನಾಭ ಅಧ್ಯಕ್ಷರು. ಕೊನೆಯಲ್ಲಿ ಮಾತಾಡಬೇಕಾದವರು ಮೊದಲೇ ಎದ್ದು, ತಾವು ದುಡಿದ ಹಡಗುಗಳನ್ನೆಲ್ಲ ನೆನೆದರು. ಮೈಕು ಚೂಡಾಮಣಿಯವರ ಕೈಗೆ ಬರುವಾಗ ಹಿಂದಿನ ಕೋಣೆಯಿಂದ ಬಿಸಿಬೇಳೆ ಬಾತಿನ ವಾಸನೆ ಬರುತ್ತಿತ್ತು.

ಶ್ರೀಕರ್ ಬಂದು ಅವರ ಕಿವಿಯ ಹತ್ತಿರ ಬಗ್ಗಿದ. "ಹತ್ತು ನಿಮಿಷದಲ್ಲಿ ಮುಗಿಸಿಬಿಡಿ ಮೇಡಂ. ಶುಗರ್ ಇರೋರು ಜಾಸ್ತಿ."

ಅವರು ಪೀಠಿಕೆ ಬಿಟ್ಟು ವಿಷಯಕ್ಕೆ ಬಂದರು. ಕಳ್ಳರು ಟಿಕೆಟ್ ಕೊಂಡು ಪ್ರಯಾಣಿಕರಾಗಿಯೇ ಹಡಗು ಹತ್ತುತ್ತಿದ್ದರು. ಕಪ್ತಾನನ ರಕ್ಷಣೆಗೆ ಹಡಗಿನ ಕಂಪನಿಯವರು ಕಬ್ಬಿಣದ ಸರಳು ಹಾಕಿದರು. ಬಡ ಪ್ರಯಾಣಿಕರು ಸರಳಿನಾಚೆ, ಕಳ್ಳರ ಜೊತೆಯಲ್ಲೇ ಉಳಿದರು. ನದಿಯಲ್ಲಿ ಗಸ್ತು ತಿರುಗುವ ಫಿರಂಗಿ ದೋಣಿಗಳಿಗೆ ದಡದಲ್ಲಿ ನಿಂತವನು ಕಳ್ಳನೋ ಬೆಸ್ತನೋ ತಿಳಿಯುತ್ತಿರಲಿಲ್ಲ. ಕೊನೆಗೆ ೧೯೨೭ರಲ್ಲಿ ಹಾಂಗ್‌ಕಾಂಗ್ ಹತ್ತಿರದ ಬಯಾಸ್ ಕೊಲ್ಲಿಯಲ್ಲಿ ಬ್ರಿಟಿಷರು ಹಳ್ಳಿಗಳಿಗೇ ಬೆಂಕಿ ಇಟ್ಟರು. ಕಳ್ಳತನ ಆಮೇಲೂ ನಿಲ್ಲಲಿಲ್ಲ.

ದನಿ ಆಗಲೇ ಒಡೆಯುತ್ತಿತ್ತು. "ಇದನ್ನ ಶೌರ್ಯ ಅನ್ನಬೇಡಿ," ಎಂದರು. "ಅಷ್ಟು ಹೇಳೋಕೇ ಬಂದೆ."

ಅನಂತಪದ್ಮನಾಭರಿಗೆ ಒಂದು ಪ್ರಶ್ನೆಯಿತ್ತು. "ಆ ಹಡಗುಗಳಲ್ಲಿ ನಮ್ಮ ಕನ್ನಡದವರು ಯಾರಾದ್ರೂ ಇದ್ರಾ ಮೇಡಂ?"

"ನನಗೆ ಸಿಕ್ಕಿಲ್ಲ. ಕಾವಲಿಗೆ ಪಂಜಾಬಿನವರಿದ್ದರು."

ಸಭೆಗೆ ಅಲ್ಲಿಗೆ ಆಸಕ್ತಿ ಮುಗಿಯಿತು. ಶ್ರೀಕರ್ ಜೇಬಿನಿಂದ ಹಾಳೆ ತೆಗೆದು ವಂದನಾರ್ಪಣೆ ಓದಿದ: ವೀರ ನಾವಿಕರ ಸಾಹಸಗಾಥೆಯನ್ನು ರೋಮಾಂಚನವಾಗುವಂತೆ ಬಣ್ಣಿಸಿದ ಮೇಡಂಗೆ ಧನ್ಯವಾದಗಳು. ಚೂಡಾಮಣಿ ಏಳುವಷ್ಟರಲ್ಲಿ ನಾಡಗೀತೆ ಶುರುವಾಯಿತು. ಎಲ್ಲರೂ ಎದ್ದು ನಿಂತರು. ಅದು ಮುಗಿದದ್ದೇ ಎಲ್ಲರೂ ತಟ್ಟೆಯ ಕಡೆ ನಡೆದರು.

ಅವರು ಶ್ರೀಕರನ ತೋಳು ಹಿಡಿದು ನಿಲ್ಲಿಸಿದರು. "ನಾನು ಹೇಳಿದ್ದು ಅದಲ್ಲ."

"ಗೊತ್ತು ಮೇಡಂ, ಚೆನ್ನಾಗೇ ಕೇಳಿಸ್ತು. ವಂದನಾರ್ಪಣೆ ನಿನ್ನೇನೇ ಬರೆದಿಟ್ಟುಬಿಟ್ಟಿದ್ದೆ."

"ಮೈಕ್ ಕೊಡು."

"ಬಿಚ್ಚಿಬಿಟ್ರಲ್ಲ. ಬಿಡಿ, ಮುಂದಿನ ಸಲ ಒಂದು ಗಂಟೆ ಪೂರ್ತಿ ನಿಮಗೇ."

ಗಂಟಲಿನ ವಿಷಯ ಅವನಿಗೆ ತಿಳಿದಿರಲಿಲ್ಲ. ಹೇಳಿದ್ದರೆ ಅವರ ಬಗ್ಗೆ ಮರುಕ ಪಡುತ್ತಿದ್ದ, ಸುಟ್ಟ ಹಳ್ಳಿಗಳ ಬಗ್ಗೆಯಲ್ಲ. ಚೂಡಾಮಣಿ ಹೇಳಲಿಲ್ಲ. ಊಟಕ್ಕೆ ನಿಲ್ಲದೆ, ಮನೆಗೆ ಹೋಗಲು ಆಟೋ ಹತ್ತಿ ಚಿಕ್ಕಲಸಂದ್ರ ಎಂದರು. ಡ್ರೈವರಿಗೆ ಕೇಳಿಸಲಿಲ್ಲ, ಕೈಯಲ್ಲಿ ದಾರಿ ತೋರಿಸಿದರು.