ಬಾಗಿಲು ದಾಟಿ ಹೋದ ಸೌಟು

ಗುಬ್ಬಿಯ ಆ ಹಳೇ ಬೀದಿಯ ಬಸವಣ್ಣನ ಗುಡಿಗೆ ಒಂದು ಹಿತ್ತಾಳೆ ಸೌಟಿದೆ. ಹಿಡಿ ಮೊಳದುದ್ದ, ಬಟ್ಟಲು ಒಂದು ಕಡೆ ಸವೆದು ತೆಳ್ಳಗಾಗಿದೆ. ಪ್ರತಿ ಅಮಾವಾಸ್ಯೆ ಒಂದು ಮನೆಯವರು ಗುಡಿಯಲ್ಲಿ ದಾಸೋಹ ಮಾಡಿಸಬೇಕು. ಊಟ ಮುಗಿದ ಮೇಲೆ ಸೌಟನ್ನು ತೊಳೆದು, ವಿಭೂತಿ ಹಚ್ಚಿ, ಪಕ್ಕದ ಮನೆಗೆ ಮುಟ್ಟಿಸಬೇಕು. ಸೌಟು ಬಂತೆಂದರೆ ಮುಂದಿನ ಅಮಾವಾಸ್ಯೆ ಅವರದು. ನಲವತ್ತು ಮನೆ; ಸರದಿ ತಿರುಗಿ ಬರಲು ಮೂರು ವರ್ಷ ಮೀರುತ್ತದೆ.

ಕಾರ್ತೀಕದ ಅಮಾವಾಸ್ಯೆಯ ಸಂಜೆ ಚನ್ನೇಶ ಮಿಂದು, ಮಡಿಪಂಚೆ ಉಟ್ಟು, ಬಾಗಿಲಲ್ಲಿ ನಿಂತಿದ್ದ. ಸೌಟು ವನಜಮ್ಮನ ಮನೆಯಿಂದ ಹೊರಟಿತು, ಚನ್ನೇಶನ ಬಾಗಿಲು ದಾಟಿತು, ಬಸವರಾಜನ ಮನೆ ಹೊಕ್ಕಿತು. ಹಿಡಿದುಕೊಂಡು ಹೋದವರು ತಲೆ ಎತ್ತಿಯೂ ನೋಡಲಿಲ್ಲ. ಒಳಗೆ ಹೆಂಡತಿ ಅನುಪಮಾ ಸೌಟಿಗೆಂದು ಗೋಡೆಗೆ ಹೊಸ ಮೊಳೆ ಹೊಡೆದಿದ್ದಳು.

ಕಾರಣ ಯಾರೂ ಹೇಳಬೇಕಿರಲಿಲ್ಲ. ತುಮಕೂರಿನ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಸ್ಟೋರ್ಸ್ ನೋಡಿಕೊಂಡಿದ್ದವನು ಚನ್ನೇಶ. ಏಳು ತಿಂಗಳ ಹಿಂದೆ ಕಾರ್ಖಾನೆ ಬಾಗಿಲು ಹಾಕಿತ್ತು. ಅಂದಿನಿಂದ ಪ್ಲಾಸ್ಟಿಕ್ ಫೈಲು ಕಂಕುಳಲ್ಲಿಟ್ಟುಕೊಂಡು ಶಿರಾ ಗೇಟಿನ ಗೋಡೌನುಗಳನ್ನು ಸುತ್ತುತ್ತಿದ್ದ. ನಲವತ್ತಮೂರು ವಯಸ್ಸು ಎಂದ ಕೂಡಲೇ ಕುರ್ಚಿಯಲ್ಲಿ ಕೂತವರ ಮುಖ ಬದಲಾಗುತ್ತಿತ್ತು. ಪಾಪ, ಕೆಲಸವಿಲ್ಲದವನ ಮೇಲೆ ದಾಸೋಹದ ಹೊರೆ ಯಾಕೆ ಎಂದು ಗುಡಿಯ ಹಿರಿಯರು ತಾವೇ ಮಾತಾಡಿಕೊಂಡು ಹೆಸರು ದಾಟಿಸಿದ್ದರು. ಆ ಕರುಣೆ ಬಿಸಿ ತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಾರ್ಖಾನೆ ಮುಚ್ಚಿದಾಗಲೂ ಇಷ್ಟು ನೋಯದ ಜೀವ ಅವತ್ತು ನೊಂದಿತು. ಕೆಲಸ ಹೋದರೆ ಬೀದಿಯಲ್ಲಿನ ಜಾಗವೂ ಹೋಗುತ್ತದೆಯೇ?

ಚನ್ನೇಶ ಸೋಮವಾರದ ಭಜನೆ ಬಿಟ್ಟ. ಹದಿನೈದು ವರ್ಷದಿಂದ ತಾಳ ಹಾಕುತ್ತಿದ್ದವನು ಅವನು. ಅವನಿಲ್ಲದೆ ಭಜನೆ ಓಡುವುದೆಲ್ಲಿ, ನಿಲ್ಲುವುದೆಲ್ಲಿ ಯಾರಿಗೂ ತಿಳಿಯದಂತಾಯಿತು.

ಮೂರು ಸೋಮವಾರ ನೋಡಿ, ಗುಡಿಯ ಹಿರಿಯ ಷಡಕ್ಷರಿ ಮೇಷ್ಟ್ರು ಮನೆಗೇ ಬಂದರು.

“ಏನ್ಲಾ, ಬಸವಣ್ಣನ್ ಮೇಲೇನೋ ಸಿಟ್ಟು?”

“ಬಸವಣ್ಣನ್ ಮೇಲಲ್ಲ ಮೇಷ್ಟ್ರೇ. ನಿಮ್ಮೇಲೆ.”

ಅನುಪಮಾ ಕಾಫಿ ಲೋಟ ಹಿಡಿದು ಅಲ್ಲೇ ನಿಂತಳು. ಚನ್ನೇಶ ಮುಂದುವರಿಸಿದ: “ನಂಗ್ ಆಗಲ್ಲ ಅಂತ ನಾನ್ ಹೇಳ್ಬೇಕಿತ್ತು. ನೀವ್ ಹೇಳ್ಬುಟ್ರಿ. ಒಂದ್ ಮಾತು ಕೇಳಿದ್ರೆ ಏನಾಗ್ತಿತ್ತು?”

ಅವಳು ಮುಂದಿಟ್ಟ ಕಾಫಿಯನ್ನು ಮೇಷ್ಟ್ರು ಮುಟ್ಟಲಿಲ್ಲ. ಮೂವತ್ತು ವರ್ಷ ಮಕ್ಕಳ ತಪ್ಪು ತಿದ್ದಿದವರಿಗೆ ತಮ್ಮ ತಪ್ಪು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು. “ತಪ್ಪಾಯ್ತು ಕಣೋ. ಈಗ್ ಕೇಳ್ತಾ ಇದೀನಿ. ಬಸವರಾಜಂದು ಮುಗುದ್ಮೇಲೆ ಸೌಟು ನಿಂಗ್ ಕೊಡ್ಲಾ?”

“ಕೊಡಿ. ಒಬ್ಬಟ್ಟು ಮಾಡ್ಸಕ್ಕಾಗಲ್ಲ ಅಷ್ಟೆ.”

“ಬಸವಣ್ಣ ಒಬ್ಬಟ್ಟು ಕೇಳಿದ್ದು ನಾನಂತೂ ಕಂಡಿಲ್ಲ” ಎಂದು ಮೇಷ್ಟ್ರು ತಣ್ಣಗಾದ ಕಾಫಿ ಎತ್ತಿದರು.

ಬಸವರಾಜನ ಸರದಿ ಮುಗಿದ ಸಂಜೆಯೇ ಸೌಟು ಬಂದು ಅನುಪಮಾ ಹೊಡೆದಿದ್ದ ಮೊಳೆಯಲ್ಲಿ ನೇತುಬಿತ್ತು. ಮಾರ್ಕೋನಹಳ್ಳಿಯ ತವರಿನಿಂದ ರಾಗಿ, ಅವರೆಕಾಯಿ ತರಿಸುತ್ತೇನೆಂದು ಅವಳು ಸೆರಗು ಸಿಕ್ಕಿಸಿ ನಿಂತಳು. “ಜನರ್ನ ಕರಿಯೋದ್ ಮಾತ್ರ ನೀವೇ” ಎಂದಳು.

ಅದೇ ಕಷ್ಟದ ಕೆಲಸ. ದಾಸೋಹದ ಮನೆಯವನು ಹಿಂದಿನ ದಿನ ಬಾಗಿಲು ಬಾಗಿಲಿಗೆ ಹೋಗಿ ಬಾಯಿಬಿಟ್ಟು ಕರೆಯಬೇಕು. ವಾಟ್ಸಾಪಿನಲ್ಲಿ ಕರೆದರೆ ವಾಟ್ಸಾಪಿನಲ್ಲೇ ಬಡಿಸು ಎನ್ನುವ ಬೀದಿ ಅದು. ಒಂಬತ್ತು ತಿಂಗಳಿಂದ ಯಾವ ಬಾಗಿಲುಗಳನ್ನು ತಪ್ಪಿಸಿಕೊಂಡು ಹಿಂದಿನ ಸಂದಿಯಲ್ಲಿ ಓಡಾಡಿದ್ದನೋ ಈಗ ಅವೇ ಬಾಗಿಲುಗಳನ್ನು ತಟ್ಟಬೇಕು.

ಮೊದಲು ವನಜಮ್ಮನ ಮನೆ. ಅವನನ್ನು ಕಂಡು ಆಕೆ ಗಾಬರಿಯಾದಳು. “ಅಯ್ಯೋ, ನಮ್ಮನೇಲ್ ಯಾವ್ ಕೆಲ್ಸ ಐತಪ್ಪಾ?”

ಚನ್ನೇಶ ಕಂಕುಳು ನೋಡಿಕೊಂಡ. ಅಭ್ಯಾಸಬಲ, ಫೈಲು ಅಲ್ಲೇ ಇತ್ತು! ಇಬ್ಬರೂ ಬಿದ್ದು ಬಿದ್ದು ನಕ್ಕರು. ಫೈಲನ್ನು ಆಕೆಯ ಜಗುಲಿಯ ಮೇಲಿಟ್ಟು ಮುಂದೆ ಹೊರಟ.

ಎಲ್ಲ ಬಾಗಿಲಲ್ಲೂ ಒಂದೇ ಪ್ರಶ್ನೆ: ಕೆಲಸ ಸಿಕ್ತಾ? ಮೊದಲ ಮನೆಗಳಲ್ಲಿ ಹೊಸ್ತಿಲು ನೋಡುತ್ತ ಇಲ್ಲವೆಂದ. ಹತ್ತನೆಯ ಮನೆಯ ಹೊತ್ತಿಗೆ ಉತ್ತರ ತಾನಾಗಿ ಬಂತು: “ಹುಡುಕ್ತಾ ಇದೀನಿ. ನಾಳೆ ಅಮಾಸೆ, ಮನೆ ಮಂದಿಯೆಲ್ಲ ಬನ್ನಿ. ಮುದ್ದೆ, ಅವರೆಕಾಳ್ ಸಾರು.” ಕೇಳಿದವರು ಕೆಲಸ ಮರೆತು ಸಾರಿನ ಮಾತು ಹಿಡಿದರು. ಬೇಡಲು ಹೋದ ಬಾಗಿಲು ಬೇರೆ, ಕರೆಯಲು ಹೋದ ಬಾಗಿಲು ಬೇರೆ ಎಂಬುದು ಅವನಿಗೆ ಆ ದಿನ ತಿಳಿಯಿತು.

ಮರುದಿನ, ತಿಂಗಳು ತಿಂಗಳೂ ಒಬ್ಬಟ್ಟು ತಿಂದು ಬೇಸತ್ತಿದ್ದ ಪಂಕ್ತಿ ಎರಡೆರಡು ಮುದ್ದೆ ಮುರಿಯಿತು. ಚನ್ನೇಶ ಕೊನೆಗೆ ಕೂತು ಉಂಡ. ತಳದ ಸಾರು ಅವನಿಗಷ್ಟೇ ಸಾಕಾಯಿತು.

ಸೌಟು ತೊಳೆಯುವಾಗ ಮೇಷ್ಟ್ರು ಪಕ್ಕಕ್ಕೆ ಬಂದು ಪಿಸುಗುಟ್ಟಿದರು. ಮುಂದಿನ ಸರದಿ ಉಮಾಮಹೇಶ್ವರಿಯದು. ಗಂಡ ತೀರಿಕೊಂಡು ಇನ್ನೂ ಆರು ತಿಂಗಳು. ಈ ಸಲ ದಾಟಿಸಿಬಿಡೋಣವೇ ಎಂದು ಹಿರಿಯರು...

“ಕೇಳಿದ್ರಾ?” ಎಂದ ಚನ್ನೇಶ.

ಮೇಷ್ಟ್ರು ವಿಭೂತಿ ಗಟ್ಟಿ ತಂದು ಅವನ ಕೈಗಿಟ್ಟರು.

ಚನ್ನೇಶ ಸೌಟಿಗೆ ವಿಭೂತಿ ಹಚ್ಚಿ ನೇರ ಆಕೆಯ ಬಾಗಿಲಿಗೆ ನಡೆದ. “ಉಮಕ್ಕ, ಸರದಿ ನಿಮ್ದು. ಬ್ಯಾಡ ಅಂದ್ರೆ ನೀವೇ ಹೇಳಿ. ನಾವ್ ಹೇಳಲ್ಲ.”

ಉಮಾಮಹೇಶ್ವರಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಎರಡೂ ಕೈ ಚಾಚಿ ತೆಗೆದುಕೊಂಡು ಎದೆಗೊತ್ತಿಕೊಂಡಳು, ಕಣ್ಣು ತುಂಬಿತ್ತು.

“ಕೆಲ್ಸದ್ದೇನಾಯ್ತು ಚನ್ನೇಶ?”

“ಹುಡುಕ್ತಾ ಇದೀನಕ್ಕ. ನಾಳೆ ಕುಣಿಗಲ್‌ನಲ್ಲಿ ಒಂದು ಇಂಟರ್‌ವ್ಯೂ ಐತೆ.”

“ಅವ್ರು ಹೋದ್ಮೇಲೆ ನಾನ್ ಯಾರ್ ಬಾಗ್ಲಿಗೂ ಹೋಗಿಲ್ಲ ಕಣಪ್ಪ. ಹೆಂಗ್ ಕರೀಲಿ?”

“ನಾನೂ ಬತ್ತೀನಿ” ಎಂದ ಚನ್ನೇಶ. “ಮೊದಲ್ನೇ ಹತ್ ಮನೆ ಕಷ್ಟ ಅಕ್ಕ. ಆಮೇಲ್ ಸಲೀಸು.”