ಹೆಸರಿಲ್ಲದ ಪೆಟ್ಟಿಗೆಗಳು

ನನ್ನ ಹಳೆಯ ಡೈರಿಯಲ್ಲಿ 2014ರ ಫೆಬ್ರವರಿ 12ರಂದು ‘ಶಾಲೆಯ ಮಕ್ಕಳೊಂದಿಗೆ ಕಾಸರಗೋಡಿನಲ್ಲಿ ಚಿತ್ರಪ್ರದರ್ಶನ’ ಎಂದಿದೆ. ಅಲ್ಲೊಂದು ದೊಡ್ಡ ಚಿತ್ರದಲ್ಲಿ ನಮ್ಮ ಕಡಲತೀರದ ಮರಳಿನ ಮೇಲೆ ಆಕಾಶನೌಕೆ ಇಳಿದಿತ್ತು. ಬಾಹ್ಯಾಕಾಶದ ಬಿಳಿ ಉಡುಪು ತೊಟ್ಟವರು ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಇಳಿಯುತ್ತಿದ್ದರು, ಥೇಟ್ ಗಲ್ಫಿನಿಂದ ಬರುವವರ ಹಾಗೆ.

“ಪೆಟ್ಟಿಗೆಯ ಮೇಲೆ ಹೆಸರೇ ಇಲ್ಲವಲ್ಲ ಮಗಳೇ?” ಎಂದು ಚಿತ್ರ ಬರೆದ ಹುಡುಗಿಯನ್ನು ಕೇಳಿದೆ.

“ಇವರು ಯಾವ ಊರಿಗೂ ಸೇರದವರು ಟೀಚರ್.”

“ಊರಿಲ್ಲದವನಿಗೆ ಪೆಟ್ಟಿಗೆ ಎಂತಕ್ಕೆ?”

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಗಂಡ ದುಬೈಯಲ್ಲಿ ತೀರಿಕೊಂಡಾಗ, ಊರಿಗೆ ತರಲೆಂದು ಅವರು ಕಟ್ಟಿಟ್ಟಿದ್ದ ಪೆಟ್ಟಿಗೆ ಮಾತ್ರ ಮನೆ ತಲುಪಿತ್ತು. ನಾಲ್ಕೂ ಬದಿಯಲ್ಲಿ ಅವರೇ ಹೆಸರು ಬರೆದಿದ್ದರಿಂದ ತಲುಪಿತು. ಅದನ್ನು ಅವಳಿಗೆ ಹೇಳಿದೆ.

ಹುಡುಗಿ ಚಿತ್ರದ ಕಡೆ ತಿರುಗಿದಳು. “ಅವರನ್ನೂ ಇಲ್ಲಿ ಇಳಿಸುವ, ಟೀಚರ್. ಅವರ ಅಕ್ಷರ ಹೇಗಿತ್ತು?”

“ಹೆಸರಿದ್ದ ರಟ್ಟನ್ನು ಕತ್ತರಿಸಿ ಇಟ್ಟಿದ್ದೇನೆ, ಮನೆಯ ಫೈಲಿನಲ್ಲಿ ಉಂಟು.”

ಮರುದಿನ ಆ ರಟ್ಟಿನ ತುಂಡನ್ನು ಒಯ್ದೆ. ಅವಳು ಅದನ್ನು ನೋಡಿ ನೋಡಿ ಎಲ್ಲರಿಗಿಂತ ಮುಂದಿದ್ದವನ ಪೆಟ್ಟಿಗೆಯ ಮೇಲೆ ‘ಅಬ್ದುಲ್ಲ, ಬೋವಿಕಾನ’ ಎಂದು ಬರೆದಳು. ಬಲಕ್ಕೆ ವಾಲುವ ಅವರ ಅಕ್ಷರ ಹಾಗೆಯೇ ಬಂತು.

“ಉಳಿದವರಿಗೂ ಹೆಸರು ಬೇಕಲ್ಲ. ಇದೇ ಅಕ್ಷರ ನೋಡಿ ಬರೆಯುತ್ತೇನೆ, ಈ ರಟ್ಟು ಸ್ವಲ್ಪ ದಿನ ನನ್ನಲ್ಲಿರಲಿಯಾ?” ಎಂದಳು.

ಕೊನೆಗೆ ನನಗೆ ಖರ್ಚಾದದ್ದು ಒಂದು ದಿನದ ರಜೆ, ನಮ್ಮೂರು ಬೋವಿಕಾನದಿಂದ ಹೋಗಿಬರುವ ಬಸ್ ಚಾರ್ಜು, ಮತ್ತು ಆ ರಟ್ಟಿನ ತುಂಡು. ರಟ್ಟಿಗೆ ಅವಳಿಂದ ರಶೀದಿ ಬರೆಸಿಕೊಂಡಿದ್ದೇನೆ. ಹಿಂದೆ ಕೊಡುವ ತಾರೀಕಿನ ಜಾಗವನ್ನು ಖಾಲಿ ಬಿಡಲು ನಾನೇ ಹೇಳಿದೆ.